ಮರಿಯಣ್ಣನಿಲ್ಲದ ಹನ್ನೊಂದು ದಿನ

ಕಳೆದ ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನಾನು ತ್ಯಾಗರಾಜನಗರದಲ್ಲಿ, ನಮ್ಮ ಹಳೆಯ ಮನೆಯಿದ್ದ ಅಡ್ಡರಸ್ತೆ ದೊಡ್ಡ ರಸ್ತೆಗೆ ಕೂಡುವ ಮೂಲೆಯಲ್ಲಿ, ಔಷಧಿ ಅಂಗಡಿಯ ಎರಡನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಅಮ್ಮನ ಬಿ.ಪಿ. ಮಾತ್ರೆ ಮುಗಿದಿತ್ತು, ಕಾಯುತ್ತಿದ್ದೆ. ರಸ್ತೆಯ ಆಚೆ ಬದಿಯಲ್ಲಿ, ಯಾರದೋ ಕೆಡವಿದ ಮನೆಯ ಇಟ್ಟಿಗೆ ಚೂರು ತುಂಬಿದ ಟ್ರೈಲರನ್ನು ಹಿಂದೆ ಕಟ್ಟಿಕೊಂಡು ಹಳೆಯ ಟ್ರ್ಯಾಕ್ಟರೊಂದು ನಿಂತಿತ್ತು. ಡ್ರೈವರ್ ಸೆಲ್ಫ್ ಹೊಡೆಯುತ್ತಿದ್ದ. ಎಂಜಿನ್ನು ಗರಗರ ತಿರುಗುತ್ತಿತ್ತೇ ಹೊರತು ಹಿಡಿದುಕೊಳ್ಳುತ್ತಿರಲಿಲ್ಲ. ನಾಲ್ಕನೆಯ ಸಲಕ್ಕೆ ಹೊಗೆಕೊಳವೆಯಿಂದ ತೆಳ್ಳನೆಯ ಬಿಳಿ ಹೊಗೆ ಎದ್ದು, ಗಾಳಿಯಿಲ್ಲದ ಆ ಬೆಳಗಿನಲ್ಲಿ ನಿಧಾನವಾಗಿ ರಸ್ತೆ ದಾಟಿ ನನ್ನ ಮೆಟ್ಟಿಲವರೆಗೆ ಬಂತು. ಪೂರಾ ಸುಡದ ಡೀಸೆಲ್ಲಿನ ವಾಸನೆ. ಸ್ವಲ್ಪ ಎಣ್ಣೆ, ಸ್ವಲ್ಪ ಹಸಿ ಕಬ್ಬಿಣ, ಗಂಟಲ ಹಿಂದೆ ಎಲ್ಲೋ ಒಂಚೂರು ಸಿಹಿ. ನಾನು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಊರೆಲ್ಲ ಬದಲಾದ ಮೇಲೂ ಅದೊಂದು ಮಾತ್ರ ಹೇಳದೆ ಕೇಳದೆ ಬಂದು, ಇಲ್ಲದ ಮನೆಯೊಂದರ ಬಾಗಿಲು ತೆರೆದು ಹೋಗುತ್ತದೆ.

ನಾನು ಇದನ್ನು ಬರೆಯುತ್ತಿರುವುದು ಆ ವಾಸನೆಯ ಸಲುವಾಗಿ ಮಾತ್ರವಲ್ಲ. ಹೋದ ತಿಂಗಳು ಅಪ್ಪನ ವರ್ಷಾಬ್ದಿಕದ ದಿನ, ಊಟದ ಎಲೆಯ ಮುಂದೆ ಕುಳಿತು, ನೆಂಟರೊಬ್ಬರು ನಗುನಗುತ್ತ ಹೇಳಿದರು: "ನಿಮ್ ತಾತನ ಕಾಲದಲ್ಲಿ ಒಬ್ಬ ಡ್ರೈವರ್ ಇದ್ನಲ್ಲ, ಡೀಸೆಲ್ ಕದ್ದು ಸೀಮೆಎಣ್ಣೆ ಬೆರೆಸಿ ಸಿಕ್ಕಾಕ್ಕೊಂಡಿದ್ದ." ಆ ಡ್ರೈವರ್ ನಮ್ಮ ಮರಿಯಣ್ಣ. ಅವನು ತೀರಿಹೋಗಿ ಬಹಳ ವರ್ಷಗಳಾದವು. ಅವನ ಮೇಲೆ ಬಂದ ಆ ಮಾತು ಮಾತ್ರ ಎಲೆಯಿಂದ ಎಲೆಗೆ ಇನ್ನೂ ಹೋಗುತ್ತಿದೆ ಎಂದು ಅವತ್ತು ತಿಳಿಯಿತು. ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ನಾನು ಕಂಡದ್ದನ್ನು, ಕಂಡಷ್ಟನ್ನೇ, ಕ್ರಮವಾಗಿ ಹೇಳುತ್ತೇನೆ.

ನಮ್ಮದು ಊರಿನ ತೆಂಕಣ ಅಂಚಿನಲ್ಲಿ ಹೊಲವಿದ್ದ ಮನೆತನ. ಆ ಹೊಲ ಬಡಾವಣೆಯಾಗಿ, ಅದರ ಮೇಲೆ ಕಲ್ಲು ನೆಟ್ಟು ಸೈಟು ಅಳೆದಾಗ, ತಾತನ ಕೈಗೆ ಉಳಿದದ್ದು ತ್ಯಾಗರಾಜನಗರದ ಮಂಗಳೂರು ಹೆಂಚಿನ ಮನೆ ಮತ್ತು ಟ್ರ್ಯಾಕ್ಟರು. ಉಳಲು ನೆಲವಿಲ್ಲದ ಟ್ರ್ಯಾಕ್ಟರನ್ನು ಎಲ್ಲರೂ ಮಾರು ಎಂದರಂತೆ. ತಾತ ಮಾರಲಿಲ್ಲ. ನೇಗಿಲು ಬಿಚ್ಚಿ ಹಿತ್ತಲಿಗೆ ಹಾಕಿ, ಹಿಂದೆ ನೀರಿನ ಟ್ಯಾಂಕರು ಕಟ್ಟಿದ. ಬಸವನಗುಡಿ, ಚಾಮರಾಜಪೇಟೆಯ ಮದುವೆ ಛತ್ರಗಳಿಗೆ ನೀರು ಕೊಡುವುದು ಅದರ ಹೊಸ ಕೆಲಸವಾಯಿತು. ಮನೆಯ ಮುಂದೆ ಕಲ್ಲು ಚಪ್ಪಡಿ ಹಾಸಿದ ಅಂಗಳ, ಅಂಗಳದ ಎಡಕ್ಕೆ ತಗಡಿನ ಮಾಡು, ಮಾಡಿನ ಕೆಳಗೆ ಟ್ರ್ಯಾಕ್ಟರು. ಬಲಕ್ಕೆ, ಅದೇ ಕಾಂಪೌಂಡಿನೊಳಗೆ, ಬಾಡಿಗೆಗಿದ್ದ ಪದ್ಮಾ ಟೀಚರ ಎರಡು ಕೋಣೆ. ಟೀಚರ ಸೀರೆಗಳು ಒಣಗುವ ಹಗ್ಗಕ್ಕೂ ಹೊಗೆಕೊಳವೆಗೂ ಹತ್ತು ಹೆಜ್ಜೆಯೂ ಇರಲಿಲ್ಲ. "ಗೌಡ್ರೆ, ನನ್ ಸೀರೆಯೆಲ್ಲ ಡೀಸೆಲ್ ವಾಸ್ನೆ. ಮಿಸ್ ಬಸ್ಸಲ್ ಬಂದ್ರಾ ಲಾರೀಲ್ ಬಂದ್ರಾ ಅಂತ ಕೇಳ್ತವೆ ಮಕ್ಳು," ಎನ್ನುತ್ತಿದ್ದರು. ತಾತ ಕಿವುಡನಂತೆ ನಟಿಸುತ್ತಿದ್ದ. ನೀರು ನಿಂತ ದಿನ ಟೀಚರ ಡ್ರಮ್ಮಿಗೆ ಮೊದಲು ಪೈಪು ಬಿಡುವವನೂ ಅವನೇ.

ಹೊಲದಿಂದ ಟ್ರ್ಯಾಕ್ಟರಿನ ಜೊತೆಗೇ ಬಂದವನು ಮರಿಸ್ವಾಮಿ, ನನ್ನ ಪಾಲಿನ ಮರಿಯಣ್ಣ. ತೆಳ್ಳಗೆ ಉದ್ದ, ಮಾತು ಕಡಿಮೆ, ಅಪ್ಪನಿಗಿಂತ ಎಂಟು ಹತ್ತು ವರ್ಷ ದೊಡ್ಡವನು. ಮಾವಳ್ಳಿಯಲ್ಲಿ ಅಕ್ಕ ಚೆನ್ನಮ್ಮನ ಮನೆಯಲ್ಲಿ ಅವನ ವಾಸ. ದಿನವೂ ಬೆಳಗಿನ ಐದೂವರೆಗೆ ನಡೆದುಕೊಂಡು ಬಂದು ಗೇಟಿನ ಚಿಲಕ ತೆಗೆಯುತ್ತಿದ್ದ. ಟ್ರ್ಯಾಕ್ಟರು ಹಳೆಯದು, ತಂಪಿನ ಬೆಳಗಿನಲ್ಲಿ ಸುಲಭಕ್ಕೆ ಸ್ಟಾರ್ಟ್ ಆಗುತ್ತಿರಲಿಲ್ಲ. ಅದಕ್ಕೊಂದು ಪದ್ಧತಿಯೇ ಬೆಳೆದಿತ್ತು. ಅಜ್ಜಿ ಬಚ್ಚಲ ಹಂಡೆಗೆ ಉರಿ ಹಾಕಿದ ಮೇಲೆ ಕಾದ ಮೊದಲ ಎರಡು ಕೊಡ ನೀರು ಮನೆಯ ಯಾರಿಗೂ ಅಲ್ಲ, ಟ್ರ್ಯಾಕ್ಟರಿಗೆ. ಮರಿಯಣ್ಣ ರೇಡಿಯೇಟರಿನ ತಣ್ಣೀರು ಇಳಿಸಿ ಬಿಸಿನೀರು ತುಂಬುತ್ತಿದ್ದ. ಎಂಜಿನ್ನಿನ ಮೈ ಬೆಚ್ಚಗಾಗಲು ಬಿಟ್ಟು, ಅಷ್ಟರಲ್ಲಿ ಡೀಸೆಲ್ ಪಂಪಿನ ಪಕ್ಕದ ಸಣ್ಣ ಕಡ್ಡಿಯನ್ನು ಬೆರಳಿನಿಂದ ಟಕ್ ಟಕ್ ಒತ್ತುತ್ತಿದ್ದ. ಎಷ್ಟು ಸಲ ಎಂದು ಎಣಿಸುತ್ತಿರಲಿಲ್ಲ. ಬೆರಳಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದ. ಬಚ್ಚಲ ಬಾಗಿಲಲ್ಲಿ ಟವೆಲು ಹೆಗಲಿಗೆ ಹಾಕಿ, ಆಫೀಸಿಗೆ ಹೊತ್ತಾಯಿತೆಂದು ಕಾಯುವ ಅಪ್ಪ, "ನನಗಿಂತ ಮುಂಚೆ ಅದಕ್ಕೆ ಸ್ನಾನ," ಎನ್ನುತ್ತಿದ್ದ. "ಅದು ದುಡಿಯಕ್ ಹೋಯ್ತದೆ," ಎನ್ನುತ್ತಿದ್ದಳು ಅಜ್ಜಿ. "ನಾನೇನ್ ಆಟಕ್ ಹೋಗ್ತೀನಾ?" ಎಂದು ಅಪ್ಪ ಕೇಳಿದರೆ ಅಜ್ಜಿ ಒಲೆಗೆ ಇನ್ನೊಂದು ಸೌದೆ ತಳ್ಳುತ್ತಿದ್ದಳು.

ನಾನು ಆಗ ಮೂರನೆಯ ಕ್ಲಾಸು. ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟು ಮಾಡಿನ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದೆ. ಮರಿಯಣ್ಣ ನನಗೆ ಹೊಗೆಯನ್ನು ಓದಲು ಕಲಿಸಿದ. "ಬಿಳೀ ಹೊಗೆ ಬತ್ತಾ ಇದ್ರೆ ಡೀಸೆಲ್ ಹೋಗ್ತಾ ಇದೆ, ಸುಡ್ತಿಲ್ಲ ಅಂತ. ಹೊಗೇನೇ ಬರ್ಲಿಲ್ಲ ಅಂದ್ರೆ ದಾರೀಲೆಲ್ಲೋ ನಿಂತದೆ ಅಂತ. ಕರೀ ಹೊಗೆ ಬಂತು ಅಂದ್ರೆ ಟೀಚರಮ್ಮ ಬಂದ್ರು ಅಂತ." ಮೂರನೆಯದನ್ನು ಹೇಳುವಾಗಲೂ ಅವನ ಮುಖ ನಗುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಟ್ರ್ಯಾಕ್ಟರನ್ನು ಸೀಗೆಪುಡಿ ಹಾಕಿ ತೊಳೆದಿದ್ದರು. ಬೂದುಗುಂಬಳ ತಂದಿಟ್ಟಾಗಿತ್ತು, ನಾಲ್ಕು ಚಕ್ರದಡಿಗೆ ನಾಲ್ಕು ನಿಂಬೆಹಣ್ಣು, ಸ್ಟೇರಿಂಗಿಗೆ ಚೆಂಡುಹೂವಿನ ಹಾರ. ಅಜ್ಜಿ ಕಂಚಿನ ಬಟ್ಟಲಲ್ಲಿ ಗಂಧ, ಅರಿಶಿನ, ಕುಂಕುಮವನ್ನು ಹರಳೆಣ್ಣೆ ಬೆರೆಸಿ ಗಟ್ಟಿಯಾಗಿ ಕಲಸಿದ್ದಳು. ಬರೀ ನೀರಿನಲ್ಲಿ ಕಲಸಿದರೆ ಕಬ್ಬಿಣದ ಮೇಲೆ ನಿಲ್ಲುವುದಿಲ್ಲ. ಪ್ರತಿ ವರ್ಷ ಬೊಟ್ಟಿಡುವವಳು ಅಜ್ಜಿಯೇ. ಆ ವರ್ಷ ಅವಳ ಮಂಡಿ ನೋವು ಜಾಸ್ತಿಯಾಗಿ ಹತ್ತಲಾಗಲಿಲ್ಲ. ಮರಿಯಣ್ಣ ನನ್ನನ್ನು ಎತ್ತಿ ಬಾನೆಟ್ಟಿನ ಪಕ್ಕ ನಿಲ್ಲಿಸಿ, ಬೀಳದಂತೆ ಸೊಂಟ ಹಿಡಿದುಕೊಂಡ. ನಾನು ಬಾನೆಟ್ಟಿಗೆ ಮೂರು, ದೀಪಗಳಿಗೆ ಒಂದೊಂದು, ಸ್ಟೇರಿಂಗಿಗೆ ಒಂದು ಬೊಟ್ಟು ಇಟ್ಟೆ. ಆಮೇಲೆ ಡೀಸೆಲ್ ಟ್ಯಾಂಕಿನ ಮುಚ್ಚಳ ಕಣ್ಣಿಗೆ ಬಿತ್ತು. ದುಂಡಗೆ, ಹಣೆಯ ಹಾಗೆ. ನಟ್ಟನಡುವೆ ಒಂದು ಸಣ್ಣ ತೂತು. ಬೊಟ್ಟಿಡಲೆಂದೇ ಯಾರೋ ಗುರುತು ಮಾಡಿಟ್ಟಂತೆ ನನಗೆ ಕಂಡಿತು. ಆ ತೂತಿನೊಳಕ್ಕೆ ಉಂಗುರ ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ, ಮೇಲೊಂದು ಅಕ್ಕಿಕಾಳು ಅಂಟಿಸಿದೆ. ಮರಿಯಣ್ಣ ಆಗ ಮಂಗಳಾರತಿಗೆ ಕೈ ಮುಗಿಯಲೆಂದು ಆ ಕಡೆ ತಿರುಗಿದ್ದ.

ಪೂಜೆಯ ಬೊಟ್ಟನ್ನು ನಮ್ಮ ಮನೆಯಲ್ಲಿ ಯಾರೂ ಒರೆಸುವಂತಿರಲಿಲ್ಲ. ಅದು ತಾನಾಗಿ ಉದುರಬೇಕು. ಬಾಗಿಲದ್ದಾಗಲಿ, ಹೊಲಿಗೆ ಮಿಷನ್ನಿನದಾಗಲಿ, ಟ್ರ್ಯಾಕ್ಟರಿನದಾಗಲಿ, ಕೈ ತಾಗಿದರೂ ಅಜ್ಜಿ ಕಣ್ಣು ಬಿಡುತ್ತಿದ್ದಳು.

ಮೂರನೆಯ ದಿನ ಟ್ಯಾಂಕರು ಎಳೆದುಕೊಂಡು ಹೊರಟ ಟ್ರ್ಯಾಕ್ಟರು ಅರ್ಧ ಗಂಟೆಯ ಮೇಲೆ ಲಾಲ್‌ಬಾಗ್ ಪಶ್ಚಿಮ ಗೇಟಿನ ಹತ್ತಿರ ಕೆಮ್ಮಿ ನಿಂತುಹೋಯಿತು. ಮರಿಯಣ್ಣ ಇಳಿದು, ಎಲ್ಲರೂ ಮೊದಲು ಮಾಡುವ ಕೆಲಸ ಮಾಡಿದ: ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ನೋಡಿದ. ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಪಂಪಿನ ಕಡ್ಡಿ ಒತ್ತಿ, ಪೈಪಿನೊಳಗೆ ಸೇರಿದ ಗಾಳಿ ಬಿಟ್ಟ. ಸ್ಟಾರ್ಟ್ ಆಯಿತು. ಗಾಳಿ ಸೇರಿತ್ತು, ಬಿಟ್ಟೆ, ಸರಿಯಾಯಿತು ಎಂದು ಮನೆಗೆ ಬಂದು ಹೇಳಿದ. ಮಾರನೆಯ ದಿನ ಮತ್ತೆ ನಿಂತಿತು. ಬೆಳಗಿನ ಸ್ಟಾರ್ಟೂ ಕಷ್ಟವಾಗುತ್ತ ಹೋಯಿತು. ಬಿಸಿನೀರು ನಾಲ್ಕು ಕೊಡಕ್ಕೆ ಏರಿತು, ಅಪ್ಪ ತಣ್ಣೀರಲ್ಲಿ ಮಿಂದು ಆಫೀಸಿಗೆ ಹೋದ.

ತಾತ ಕಲಾಸಿಪಾಳ್ಯದಿಂದ ಬಾಷಾ ಮೇಸ್ತ್ರಿಯನ್ನು ಕರೆಸಿದ. ಅವರು ಬೀಡಿ ಆರಿಸಿ ಕಿವಿಯ ಮೇಲಿಟ್ಟು ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿದರು. "ಡೀಸೆಲ್ ಗಾಡಿ ಹೊಸಾ ಮದ್ಲಗಿತ್ತಿ ಇದ್ದಂಗೆ ಯಜಮಾನ್ರೆ. ಒಂದ್ ಗಾಳಿ ಗುಳ್ಳೆ ಸಾಕು, ಮುನಿಸ್ಕೊಂಬಿಡ್ತದೆ," ಎಂದರು. ಮುಚ್ಚಳ ತೆಗೆದು ಒಳಗೆ ಇಣುಕಿದರು. ಬೊಟ್ಟು ಕೆಡದಂತೆ ಎರಡೇ ಬೆರಳಿನಿಂದ, ಅಂಚಲ್ಲಿ ಹಿಡಿದು ತೆಗೆದದ್ದನ್ನು ನಾನು ಕಂಡಿದ್ದೇನೆ. ನಮ್ಮ ಮನೆಯ ದೇವರ ಗುರುತಿಗೆ ಅವರು ಕೊಟ್ಟ ಮರ್ಯಾದೆ ಅದು. ಫಿಲ್ಟರ್ ಬದಲಿಸಿದರು. ಹಳೆಯದರ ತಳದಲ್ಲಿ ಸ್ವಲ್ಪ ಕೆಸರಿತ್ತು, ಇದೇ ಕಾರಣ ಎಂದು ಎಲ್ಲರಿಗೂ ತೋರಿಸಿದರು. ಓಡಿತು. ಎರಡನೆಯ ದಿನ ನಿಂತಿತು. ಮತ್ತೆ ಬಂದರು, ಮತ್ತೆ ಮುಚ್ಚಳ ತೆಗೆದು ಇಣುಕಿದರು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಓಡಿತು, ನಿಂತಿತು. ಪೈಪಿನ ವಾಷರುಗಳನ್ನೆಲ್ಲ ಹೊಸದು ಹಾಕಿದರು. ಓಡಿತು, ನಿಂತಿತು. ಪ್ರತಿ ಸಲವೂ ಇದ್ದ ನಂಬಿಕೆ, ಈ ಸಲ ಮಾಡಿದ್ದೇ ಸರಿಯಾದ ರಿಪೇರಿ ಎಂದು. ಬೆನ್ನು ಬಗ್ಗಿಸಿ ರಿಪೇರಿ ಮಾಡುವ ಮೊದಲೇ, ಇಣುಕಿ ನೋಡಲೆಂದು ಮುಚ್ಚಳ ತೆಗೆದ ಆ ಕ್ಷಣದಲ್ಲೇ ಅದು ಸರಿಹೋಗುತ್ತಿತ್ತು ಎಂದು ಯಾರಿಗೆ ತಾನೆ ಹೊಳೆಯಬೇಕು?

ಕಾರ್ತಿಕದ ಮೊದಲ ಮದುವೆಗೆ ಚಾಮರಾಜಪೇಟೆಯ ಛತ್ರವೊಂದಕ್ಕೆ ಬೆಳಿಗ್ಗೆ ಆರಕ್ಕೆ ನೀರು ಕೊಡುತ್ತೇನೆಂದು ತಾತ ಮಾತು ಕೊಟ್ಟಿದ್ದ. ಟ್ರ್ಯಾಕ್ಟರು ಬಸವನಗುಡಿ ದಾಟುವ ಮೊದಲೇ ನಿಂತಿತು. ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಅಡಿಗೆಯವರು ಅಕ್ಕಿ ತೊಳೆಯಲು ನೀರಿಲ್ಲದೆ ಬೀದಿಗೆ ಬಂದು ನಿಂತಿದ್ದರಂತೆ. ಹೆಣ್ಣಿನ ತಂದೆ ನಮ್ಮ ಮನೆಗೇ ಬಂದು, ಬೈಯಲಿಲ್ಲ, "ನಿಮ್ಮನ್ನ ನಂಬಿದ್ದೆ ಗೌಡ್ರೆ," ಎಂದಷ್ಟೇ ಹೇಳಿ ಹೋದರು. ತಾತ ಅವತ್ತು ಊಟ ಮಾಡಲಿಲ್ಲ.

ಅದೇ ದಿನ ಸಂಜೆ, ದೀಪ ಹಚ್ಚುವ ಮುಂಚೆ, ನಾನು ಮಾಡಿನ ಎರಡನೆಯ ಕಂಬದ ಬಳಿ ನಿಂತಿದ್ದೆ. ಬಾಷಾ ಮೇಸ್ತ್ರಿ ಎಂಜಿನ್ನಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು. ಪದ್ಮಾ ಟೀಚರು ಮತ್ತು ಅವರ ಮಗಳು ಉಷಾ ಬಟ್ಟೆ ತೆಗೆಯುತ್ತಿದ್ದರು. ಅಜ್ಜಿ, ಅಮ್ಮ ಹೊಸ್ತಿಲಲ್ಲಿ, ತಾತ ಜಗಲಿಯ ಮೇಲೆ. ಆಫೀಸಿನಿಂದ ಬಂದ ಅಪ್ಪ ಚೀಲವನ್ನೂ ಇಳಿಸದೆ ನೇರ ಟ್ರ್ಯಾಕ್ಟರಿನ ಬಳಿಗೆ ಹೋಗಿ, ಸೀಟಿನ ಕೆಳಗಿನಿಂದ ಒಂದು ಡಬ್ಬ ಎಳೆದು ಮೂಸಿ ನೋಡಿದ.

"ಏನಿದು?"

"ಸೀಮೆಎಣ್ಣೆ, ಸಣ್ಣೆಜಮಾನ್ರೆ. ನಟ್ಟು ಬೋಲ್ಟು ತೊಳ್ಯಕ್ಕೆ," ಎಂದ ಮರಿಯಣ್ಣ.

"ತೊಳ್ಯಕ್ಕೆ ಒಂದ್ ಡಬ್ಬ ಬೇಕಾ? ಡೀಸೆಲ್ ಇಳಿಸ್ಕೊಂಡು ಇದನ್ನ ತುಂಬ್ತಿದೀಯ. ನಾವು ತಿಂಗ್ಳಿಂದ ಫಿಲ್ಟ್ರು ಬದಲಾಯಿಸ್ತಾ ಕೂತಿದೀವಿ. ಕಳ್ಳನ್ನ ಮನೇಲಿಟ್ಕೊಂಡು ಗಾಡಿ ರಿಪೇರಿ ಮಾಡಿಸ್ತಿದೀವಿ."

ಮರಿಯಣ್ಣ ತಾತನ ಕಡೆ ನೋಡಿದ. ಇದನ್ನು ನಾನು ಸರಿಯಾಗಿ ಹೇಳಬೇಕು: ಅವನು ಬಹಳ ಹೊತ್ತು ನೋಡಿದ. ತಾತ ಕಾಲಬುಡದ ಚಪ್ಪಡಿಯನ್ನು ನೋಡುತ್ತ ಕುಳಿತಿದ್ದ. ತಲೆ ಎತ್ತಲಿಲ್ಲ. ಬೇಡ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಮರಿಯಣ್ಣ ಕೈಯನ್ನು ಟವೆಲಿಗೆ ಒರೆಸಿಕೊಂಡು, ಸೊಂಟದಿಂದ ಬೀಗದ ಕೈ ತೆಗೆದು ಜಗಲಿಯ ಅಂಚಿನಲ್ಲಿ, ಸದ್ದಾಗದಂತೆ ಇಟ್ಟು ಗೇಟು ತೆಗೆದು ಹೋದ. ಹೋಗುವಾಗ ಚಿಲಕ ಹಾಕಿಕೊಂಡೇ ಹೋದ.

ಆಮೇಲಿನದು ಹನ್ನೊಂದು ದಿನ. ಐದೂವರೆಗೆ ಎಚ್ಚರವಾಗಿ ಗೇಟಿನ ಸದ್ದಿಗೆ ಕಾಯುತ್ತಿದ್ದೆ, ಅದು ಬರುತ್ತಿರಲಿಲ್ಲ. ಅಜ್ಜಿ ಮೊದಲ ದಿನ ಅಭ್ಯಾಸಬಲದಿಂದ ಎರಡು ಕೊಡ ಬಿಸಿನೀರು ತಂದು ಮಾಡಿನಡಿ ಇಟ್ಟು, ಸ್ವಲ್ಪ ಹೊತ್ತು ಅಲ್ಲೇ ನಿಂತು, ವಾಪಸು ತೆಗೆದುಕೊಂಡು ಹೋದಳು. ಅಪ್ಪ ಟ್ಯಾಂಕಿನ ಡೀಸೆಲ್ಲನ್ನೆಲ್ಲ ಇಳಿಸಿ, ಹೊಸದಾಗಿ ತುಂಬಿಸಿ, ಬೇರೊಬ್ಬ ಡ್ರೈವರನ್ನು ಕರೆತಂದ. ಹೊಸ ಡೀಸೆಲ್ಲಿನಲ್ಲೂ ಟ್ರ್ಯಾಕ್ಟರು ಅರ್ಧ ಗಂಟೆಗೆ ನಿಂತಿತು. ಬಾಷಾ ಮೇಸ್ತ್ರಿ ಇಳಿಸಿದ ಡೀಸೆಲ್ಲನ್ನು ಬಾಟಲಿಯಲ್ಲಿ ತುಂಬಿ ಬೆಳಕಿಗೆ ಹಿಡಿದು, ಅಂಗೈಗೆ ಬಿಟ್ಟು ಉಜ್ಜಿ, "ಇದ್ರಲ್ಲಿ ಬೆರಕೆ ಇಲ್ಲ ಸಾರ್," ಎಂದು ಅಪ್ಪನಿಗೆ ಮೆಲ್ಲಗೆ ಹೇಳಿದರು. ಅಪ್ಪ ಬಾಟಲಿಯನ್ನು ಇಸಿದುಕೊಂಡು ತಾನೂ ನೋಡಿದ. ಹೊಸ ಡ್ರೈವರು ನಾಲ್ಕನೆಯ ದಿನ, "ಇದಕ್ಕೆ ದೃಷ್ಟಿಯಾಗಿದೆ, ನನ್ ಕೈಲಾಗಲ್ಲ," ಎಂದು ಬಿಟ್ಟುಹೋದ.

ಹತ್ತನೆಯ ದಿನ, ಶಾಲೆಯಿಲ್ಲದ ಶನಿವಾರ ಮಧ್ಯಾಹ್ನ, ತಾತ ತಾನೇ ಟ್ರ್ಯಾಕ್ಟರನ್ನು ಮಾಡಿನಡಿಯಲ್ಲಿ ಓಡುವುದಕ್ಕೆ ಬಿಟ್ಟು ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತಿದ್ದ. ರೋಗಿಯ ಪಕ್ಕ ಕುಳಿತಂತೆ. ಬಹಳ ಹೊತ್ತಿನ ಮೇಲೆ ಅದು ತಡವರಿಸಿ ನಿಂತಿತು. ತಾತ ಎದ್ದು ಮುಚ್ಚಳ ತಿರುಗಿಸಿದ. ಎಂಜಿನ್ನಿನ ಸದ್ದು ನಿಂತು ಅಂಗಳ ಮೌನವಾಗಿದ್ದರಿಂದಲೋ ಏನೋ, ಅವತ್ತು ನನಗೆ ಸ್ಪಷ್ಟವಾಗಿ ಕೇಳಿಸಿತು. "ತಾತ, ಅದು ಉಸ್ ಅಂತು."

"ಯಾವ್ದು?"

"ಮುಚ್ಚಳ. ತೆಗ್ದಾಗೆಲ್ಲ ಅನ್ನುತ್ತೆ. ನೀರಲ್ಲಿ ಮುಳುಗಿ ಎದ್ದೋರು ಉಸಿರು ಎಳ್ಕೋತಾರಲ್ಲ, ಹಂಗೆ."

ತಾತ ನನ್ನನ್ನೇ ನೋಡಿದ. ಆಮೇಲೆ ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಆಕಾಶಕ್ಕೆ ಹಿಡಿದ. ತೂತಿನಲ್ಲಿ ಬೆಳಕು ಬರಲಿಲ್ಲ. ಅಜ್ಜಿಯ ಬಳೆಯಲ್ಲಿದ್ದ ಪಿನ್ನು ಕೇಳಿ ತೆಗೆದುಕೊಂಡು, ಕುರ್ಚಿಯಲ್ಲಿ ಕುಳಿತು, ಮೆಲ್ಲಗೆ ಚುಚ್ಚಿ ಕೆದಕಿದ. ಗಟ್ಟಿಯಾದ ಹಳದಿ ಹಕ್ಕಳೆ, ಅದರಡಿಗೆ ಕಪ್ಪಾದ ಕುಂಕುಮ, ಅರ್ಧ ಅಕ್ಕಿಕಾಳು ಅವನ ಅಂಗೈಗೆ ಉದುರಿದವು. ಅಂಗೈಯನ್ನು ಮೂಗಿನ ಬಳಿಗೆ ತಂದು ಮೂಸಿದ. ಡೀಸೆಲ್ಲು ತುಂಬಿದ ಟ್ಯಾಂಕಿನೊಳಕ್ಕೆ ಗಾಳಿ ಹೋಗಲೆಂದು ಇರುವ ದಾರಿ ಆ ತೂತು. ಡೀಸೆಲ್ಲು ಇಳಿದಷ್ಟೂ ಮೇಲಿನಿಂದ ಗಾಳಿ ಬರಬೇಕು. ಬಾರದಿದ್ದರೆ ಟ್ಯಾಂಕು ಒಳಗಿಂದ ಬಿಗಿದುಕೊಂಡು ಡೀಸೆಲ್ಲನ್ನು ಕೆಳಕ್ಕೆ ಬಿಡುವುದಿಲ್ಲ, ಕೆಳಗಿನ ಸಂದುಗೊಂದಿನಿಂದ ಪೈಪಿಗೆ ಗಾಳಿ ಎಳೆದುಕೊಳ್ಳುತ್ತದೆ. ಇದನ್ನು ತಾತ ನನಗೆ ಆಮೇಲೆ ವಿವರಿಸಿದ್ದು. ಆಗ ಹೇಳಿದ್ದು ಒಂದೇ ಮಾತು: "ಗಂಧ."

"ನಾನೇ ಇಟ್ಟಿದ್ದು ತಾತ. ಅಲ್ಲಿ ಬೊಟ್ಟಿಡೋ ಜಾಗ ಅಂದ್ಕೊಂಡೆ. ಮರಿಯಣ್ಣ ಹೋಗಿದ್ದು ನನ್ನಿಂದ." ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು. ತಾತ ನನ್ನನ್ನು ಹತ್ತಿರ ಎಳೆದು ಮಂಡಿಯ ನಡುವೆ ನಿಲ್ಲಿಸಿಕೊಂಡ. ಅವನ ಪಂಚೆಗೂ ಅದೇ ಡೀಸೆಲ್ಲಿನ ವಾಸನೆ.

"ನೀನಿಟ್ಟಿದ್ದು ಬೊಟ್ಟು ಕಣ್ ಮಗಾ. ಅವನ್ ನನ್ ಮಖ ನೋಡ್ದಾಗ ಬಾಯ್ಮುಚ್ಕೊಂಡ್ ಕೂತಿದ್ದು ನಾನು."

ಅಪ್ಪ ಶನಿವಾರದ ಅರ್ಧ ದಿನ ಮುಗಿಸಿ ಬಂದಾಗ ತಾತ ಅಂಗೈ ಚಾಚಿ ತೋರಿಸಿದ. ಅಪ್ಪ ಆ ಹಳದಿ ಚೂರುಗಳನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ಒಳಗೆ ಹೋಗಿ, ಮುಖ ತೊಳೆದು, ಬೇರೆ ಶರ್ಟು ಹಾಕಿಕೊಂಡು ಹೊರಗೆ ಬಂದ. "ನಡೀರಿ," ಎಂದ. ತಾತ ಎಲೆ ಅಡಿಕೆ, ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡ. ಮದುವೆಗೆ ಕರೆಯಲು ಹೋಗುವಾಗ ಹಾಕಿಕೊಳ್ಳುವ ಹಾಗೆ. ಬಸ್ಸಿಗೆ ಹೋಗೋಣವೆಂದ ಅಪ್ಪನಿಗೆ, "ಇದ್ರಲ್ಲೇ ಹೋಗದು," ಎಂದು ಟ್ರ್ಯಾಕ್ಟರು ಹತ್ತಿದ. ಆಫೀಸಿನವರು ನೋಡಿಯಾರೆಂದು ಎಂದೂ ಅದರ ಮೇಲೆ ಕೂರದಿದ್ದ ಅಪ್ಪ ಎಡಗಡೆಯ ಮಡ್‌ಗಾರ್ಡಿನ ಮೇಲೆ ಕುಳಿತ. ನಾನು ಅವನ ತೊಡೆಯ ಮೇಲೆ. ಲಾಲ್‌ಬಾಗ್ ಬಂತು, ಹೋಯಿತು. ಟ್ರ್ಯಾಕ್ಟರು ಎಲ್ಲಿಯೂ ನಿಲ್ಲಲಿಲ್ಲ. ಅದು ನಿಲ್ಲದಿದ್ದಷ್ಟೂ ಅಪ್ಪನ ಕೈ ನನ್ನ ಹೊಟ್ಟೆಯ ಸುತ್ತ ಬಿಗಿಯಾಗುತ್ತಿತ್ತು.

ಮಾವಳ್ಳಿಯ ಆ ಬೀದಿಯಲ್ಲಿ ಟ್ರ್ಯಾಕ್ಟರು ನಿಂತಾಗ ಚೆನ್ನಮ್ಮ ಬಾಗಿಲಲ್ಲೇ ಇದ್ದಳು. ಅವಳ ಸೆರಗು ಹಿಡಿದು ನನ್ನ ವಯಸ್ಸಿನ ಮಗಳು ರತ್ನ. "ಬನ್ನಿ ಗೌಡ್ರೆ. ಕಳ್ಳನ ಮನೆ ಹುಡ್ಕೋದು ಕಷ್ಟ ಆಗ್ಲಿಲ್ವಾ?" ಎಂದಳು.

"ಅನ್ನವ್ವ. ಅನ್ನಿಸ್ಕೊಳಕ್ಕೇ ಬಂದಿದೀವಿ," ಎಂದ ತಾತ.

ಒಳಗೆ ಚಾಪೆ ಹಾಕಿದಳು. ತಾತ ಕುಳಿತು, "ಕುಡಿಯಕ್ಕೆ ಒಂಚೂರು ನೀರ್ ಕೊಡವ್ವ," ಎಂದ. ಚೆನ್ನಮ್ಮ ತಕ್ಷಣ ಏಳಲಿಲ್ಲ. ನಮ್ಮ ಮನೆಯಲ್ಲಿ ಮರಿಯಣ್ಣನ ತಟ್ಟೆ ಲೋಟಗಳು ಹಿತ್ತಲ ಗೂಡಿನಲ್ಲಿ ಬೇರೆಯಾಗಿ ಬೋರಲು ಮಲಗಿರುತ್ತಿದ್ದವು. ಅದು ಯಾಕೆ ಹಾಗೆ ಎಂದು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಅವಳು ಎರಡು ಸ್ಟೀಲಿನ ಲೋಟಗಳಲ್ಲಿ ನೀರು ತಂದಿಟ್ಟಳು. ತಾತ ಗಟಗಟನೆ ಕುಡಿದು ಲೋಟ ಕೆಳಗಿಟ್ಟ. ಅಪ್ಪ ಸ್ವಲ್ಪ ಹೊತ್ತು ಲೋಟವನ್ನು ಹಿಡಿದುಕೊಂಡಿದ್ದು, ಕುಡಿದ. ನಾನೂ ಕೇಳಿ ಕುಡಿದೆ.

ಮರಿಯಣ್ಣ ಒಳಕೋಣೆಯಿಂದ ಬಂದು ಗೋಡೆಗೆ ಒರಗಿ ನಿಂತ. ಹತ್ತು ದಿನದಲ್ಲಿ ಅವನ ಗಡ್ಡ ಬೆಳ್ಳಗೆ ಬೆಳೆದಿತ್ತು. ಅವನು ಕೇಳಿದ ಮೊದಲ ಮಾತು ತನ್ನ ವಿಷಯದ್ದಲ್ಲ. "ಎ‌ಷ್ಟೊತ್ತು ಓಡ್ತು?"

"ಮನೆಯಿಂದ ಇಲ್ಲೀಗಂಟ. ಎಲ್ಲೂ ನಿಲ್ಲಲಿಲ್ಲ," ಎಂದು ತಾತ ವೀಳ್ಯದೆಲೆಯಲ್ಲಿ ಸುತ್ತಿ ತಂದಿದ್ದ ಚೂರುಗಳನ್ನು ಬಿಚ್ಚಿದ. ಮರಿಯಣ್ಣ ಬಗ್ಗಿ ನೋಡಿದ, ಬೆರಳಲ್ಲಿ ಪುಡಿ ಮಾಡಿದ, ಅಕ್ಕಿಕಾಳನ್ನು ನೋಡಿದ. ಆಮೇಲೆ ನಕ್ಕ. "ಮುಚ್ಚಳ. ದಿನಾ ನಾನೇ ತೆಗ್ದು ಹಾಕ್ತಿದ್ನಲ್ಲ ಯಜಮಾನ್ರೆ." ನನ್ನ ಕಡೆ ತಿರುಗಿ, "ಭಾರೀ ಚೆನ್ನಾಗಿ ಇಟ್ಟಿದೀಯ ಪುಟ್ಟವ್ವ ಬೊಟ್ಟು. ಇಷ್ಟು ದಿನ ಉದುರ್ಲೇ ಇಲ್ಲ," ಎಂದ.

ತಾತ ಬಾ ಎಂದ. ಅಪ್ಪ ತಪ್ಪಾಯಿತು ಎಂದು ಶುರುಮಾಡಿದ. ಮರಿಯಣ್ಣ ಕೈ ಅಡ್ಡ ತೋರಿಸಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. "ಇಲ್ಲಿ ಬ್ಯಾಡಿ ಸಣ್ಣೆಜಮಾನ್ರೆ. ಇಲ್ಲಿ ನೀವಂದ್ರೆ ಕೇಳೋರು ನನ್ ಅಕ್ಕ, ಅವ್ಳ ಮಗ್ಳು. ಅವ್ರಿಗೆ ಮೊದ್ಲೇ ಗೊತ್ತು. ನೀವ್ ಅಂದಿದ್ದು ಅಂಗಳದಲ್ಲಿ. ಟೀಚರಮ್ಮ ಇದ್ರು, ಅವರ ಮಗು ಇತ್ತು, ಬಾಷಾ ಇದ್ರು, ನಿಮ್ಮ ಮನೆಯೋರೆಲ್ಲ ಇದ್ರು. ಅವ್ರೆಲ್ಲ ನಿಂತಿರ್ಬೇಕಾದ್ರೆ ಅಲ್ಲೇ ಅನ್ನಿ. ಬತ್ತೀನಿ." ತಾತ ಹೂಂ ಎಂದ. ಅಪ್ಪ ತಲೆಯಾಡಿಸಿದ.

ಮಾರನೆಯ ದಿನ ಭಾನುವಾರ, ಬಿಸಿಲು ಚಪ್ಪಡಿಯ ಅರ್ಧಕ್ಕೆ ಬಂದಿತ್ತು. ಕಲಾಸಿಪಾಳ್ಯಕ್ಕೆ ಅಪ್ಪನೇ ಹೋಗಿ ಬಾಷಾ ಮೇಸ್ತ್ರಿಯನ್ನು ಕರೆತಂದಿದ್ದ. ಪದ್ಮಾ ಟೀಚರ ಬಾಗಿಲು ತಟ್ಟಿ, "ಒಂದೈದು ನಿಮಿಷ ಹೊರಗ್ ಬರ್ತೀರಾ?" ಎಂದಿದ್ದ. ಟೀಚರು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಉಷಾಳ ಜೊತೆ ಬಂದರು. ಮರಿಯಣ್ಣ ಗಡ್ಡ ತೆಗೆಸಿ, ಒಗೆದ ಶರ್ಟು ಹಾಕಿ, ಚೆನ್ನಮ್ಮ ಮತ್ತು ರತ್ನಳನ್ನು ಕರೆದುಕೊಂಡು ಗೇಟಿನೊಳಗೆ ಬಂದು ನಿಂತ. ತಾತ ಜಗಲಿಯ ಮೇಲೆ, ಅಜ್ಜಿ, ಅಮ್ಮ ಹೊಸ್ತಿಲಲ್ಲಿ, ನಾನು ಅದೇ ಎರಡನೆಯ ಕಂಬದ ಬಳಿ. ಅಪ್ಪ ಅಂದು ಡಬ್ಬ ಹಿಡಿದು ನಿಂತಿದ್ದ ಜಾಗಕ್ಕೇ ಹೋಗಿ ನಿಂತ.

"ಹನ್ನೊಂದ್ ದಿನದ ಹಿಂದೆ ಇಲ್ಲೇ ನಿಂತು ಇವರನ್ನ ಕಳ್ಳ ಅಂದಿದ್ದೆ. ಇವರು ಯಾವತ್ತೂ ಡೀಸೆಲ್ ಮುಟ್ಟಿರ್ಲಿಲ್ಲ. ನಾನು ಹೇಳಿದ್ದು ಸುಳ್ಳು."

ಅಪ್ಪ ಮರಿಯಣ್ಣನಿಗೆ 'ಇವರು' ಎಂದದ್ದು ಅದೇ ಮೊದಲು. ಮರಿಯಣ್ಣನಿಗೇ ತಡೆಯಲಾಗಲಿಲ್ಲವೇನೋ. "ಸುಳ್ಳಂತಲ್ಲ ಸಣ್ಣೆಜಮಾನ್ರೆ, ತಪ್ಪು ತಿಳ್ಕೊಂಡ್ರಿ ಅಷ್ಟೆ," ಎಂದ.

"ಇಲ್ಲ ಮರಿಸ್ವಾಮಿ. ಗೊತ್ತಿಲ್ದೇ ಇದ್ದಿದ್ದನ್ನ ಗೊತ್ತು ಅಂದೆ. ಅದು ಸುಳ್ಳೇ."

ಟೀಚರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅಜ್ಜಿ ಒಳಗೆ ಹೋಗಿ ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಕಾಫಿಯ ಲೋಟಗಳನ್ನು ಜೋಡಿಸಿ ತಂದು, ಮೊದಲು ಚೆನ್ನಮ್ಮನ ಮುಂದೆ ಹಿಡಿದಳು. ಹಿತ್ತಲ ಗೂಡು ಆಮೇಲೆ ಖಾಲಿಯಾಗಿಯೇ ಇತ್ತು.

ಅಲ್ಲಿಂದ ಮುಂದೆ ಮರಿಯಣ್ಣ ಒಂಬತ್ತು ವರ್ಷ ನಮ್ಮ ಮನೆಯಲ್ಲಿದ್ದ. ತಾತ ತೀರಿಕೊಂಡ ವರ್ಷ ಟ್ರ್ಯಾಕ್ಟರು ಮಾರಿದೆವು, ಮರಿಯಣ್ಣ ಕೊಂಡವರ ಜೊತೆ ಒಂದು ವಾರ ಇದ್ದು ಅದರ ಸ್ವಭಾವ ಹೇಳಿಕೊಟ್ಟು ಬಂದ. ಅಜ್ಜಿ ಹೋದಳು. ಹೆಂಚಿನ ಮನೆ ಹೋಗಿ ಅಲ್ಲಿ ನಾಲ್ಕಂತಸ್ತು ಎದ್ದಿದೆ. ತಗಡಿನ ಮಾಡು ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಮರಿಯಣ್ಣ ತೀರಿಕೊಂಡಾಗ ಅಪ್ಪ ಮಾವಳ್ಳಿಗೆ ಹೋಗಿ ಹೆಗಲು ಕೊಟ್ಟ. ಈಗ ಅಪ್ಪನೂ ಇಲ್ಲ. ಇದ್ದಿದ್ದರೆ ಆ ಊಟದ ಪಂಕ್ತಿಯಲ್ಲಿ ತಾನೇ ಎದ್ದು ನಿಂತು ಹೇಳುತ್ತಿದ್ದ ಎಂದು ನನ್ನ ನಂಬಿಕೆ. ನಾನು ಅವತ್ತು ಹೇಳಬೇಕಿತ್ತು. ಸುಮ್ಮನೆ ಕುಳಿತುಬಿಟ್ಟೆ. ಆ ತಪ್ಪು ನನ್ನದು, ಅದಕ್ಕೇ ಬರೆದಿದ್ದೇನೆ.

ಮರಿಸ್ವಾಮಿ ಕಳ್ಳನಲ್ಲ ಎಂದು ಅಪ್ಪ ತನ್ನ ಬಾಯಿಂದಲೇ ಹೇಳಿದ್ದನ್ನು ಕಂಡು ಕೇಳಿದವರಲ್ಲಿ ತಾತ, ಅಜ್ಜಿ, ಬಾಷಾ ಮೇಸ್ತ್ರಿ, ಚೆನ್ನಮ್ಮ, ಪದ್ಮಾ ಟೀಚರು ಈಗಿಲ್ಲ. ಇರುವವರು ನಾಲ್ವರು. ನನ್ನ ಅಮ್ಮ, ಬೇರೆ ಬಹಳಷ್ಟು ಮರೆತಿದ್ದಾಳೆ, ಇದನ್ನು ಮರೆತಿಲ್ಲ. ಟೀಚರ ಮಗಳು ಉಷಾ, ಗಾಂಧಿನಗರದಲ್ಲಿದ್ದಾಳೆ. ಚೆನ್ನಮ್ಮನ ಮಗಳು ರತ್ನ, ಮಾವಳ್ಳಿಯ ಅದೇ ಬೀದಿಯಲ್ಲಿ, ಅದೇ ಮನೆಯಲ್ಲಿ. ಮತ್ತು ನಾನು.